'ಅರಳು ಮರಳು' ಎನ್ನುವ ಮುನ್ನ

ಅರವತ್ತಕ್ಕೆ ಅರಳು ಮರಳು ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಆಡಿಬಿಡುತ್ತೇವೆ! ಮನೆಯ ಹಿರಿಯರು ಒಂದು ಹೆಸರನ್ನು ಮರೆತರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ಮೊಮ್ಮಗಳ ಮದುವೆಯ ಮಾತುಕತೆಯಲ್ಲಿ ಒಂದು ಸಲಹೆ ಕೊಟ್ಟರೆ ಸಾಕು, ಆ ಮಾತು ನಾಲಗೆಯ ತುದಿಗೆ ಬರುತ್ತದೆ. ಹೆತ್ತವರೆದುರು 'ಛೆ' ಎಂದೂ ಅನ್ನಬಾರದೆಂಬ ಪವಿತ್ರ ಕುರ್‌ಆನಿನ ಆದೇಶವನ್ನು (17:23) ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅನ್ನ, ಬಟ್ಟೆ, ಔಷಧಿಗಳಲ್ಲಿ ನಮ್ಮಲ್ಲಿ ಹೆಚ್ಚಿನವರು ಕೊರತೆ ಮಾಡುವುದೂ ಇಲ್ಲ. ಆದರೆ ಅವರ ಮಾತನ್ನು ಲೆಕ್ಕಕ್ಕಿಲ್ಲದಂತೆ ಮಾಡುವುದು ಆ 'ಛೆ'ಗಿಂತ ಕಡಿಮೆಯೇನಲ್ಲ.

ಪ್ರವಾದಿ ಯಾಕೂಬ್‌(ಅ)ರ ವೃದ್ಧಾಪ್ಯವನ್ನು ಸೂರಃ ಯೂಸುಫ್ ನಮ್ಮ ಮುಂದೆ ಇಡುತ್ತದೆ. ಮಗನ ಅಗಲಿಕೆಯ ದುಃಖದಿಂದ ಅವರ ಕಣ್ಣುಗಳು ಬಿಳಿಚಿಹೋಗಿವೆ. ಇನ್ನೂ ಯೂಸುಫನನ್ನೇ ನೆನೆಯುತ್ತಾ ನಾಶವಾಗಿ ಹೋಗುವಿರೆಂದು ಮಕ್ಕಳು ಗದರುತ್ತಾರೆ. ನನ್ನ ಸಂಕಟವನ್ನು ನಾನು ಅಲ್ಲಾಹನಲ್ಲಿಯೇ ತೋಡಿಕೊಳ್ಳುತ್ತೇನೆ ಎಂದು ಅವರು ಉತ್ತರಿಸುತ್ತಾರೆ. ಮುಂದೆ ಈಜಿಪ್ಟಿನಿಂದ ಯೂಸುಫರ(ಅ) ಅಂಗಿಯನ್ನು ಹೊತ್ತ ತಂಡ ಹೊರಟಾಗ, ದೂರದಲ್ಲಿದ್ದ ಈ ವೃದ್ಧರಿಗೆ ಮಗನ ಪರಿಮಳ ಬರುತ್ತದೆ. ಅದನ್ನು ಹೇಳುವಾಗಲೂ ಅವರಿಗೊಂದು ಅಳುಕು: ನನಗೆ ಬುದ್ಧಿ ಮಂಕಾಗಿದೆ ಎಂದು ನೀವು ಎಣಿಸದಿದ್ದರೆ! (12:94) ಮನೆಯವರು ಹಾಗೆಯೇ ಎಣಿಸಿದರು. ಹಳೆಯ ಭ್ರಮೆಯೆಂದು ತಳ್ಳಿಹಾಕಿದರು. ಪ್ರವಾದಿಯೊಬ್ಬರಿಗೇ ತನ್ನ ಮನೆಯಲ್ಲಿ ಬಾಯಿ ತೆರೆಯಲು ಇಷ್ಟು ಸಂಕೋಚವಾಗಿದ್ದರೆ, ನಮ್ಮ ಮನೆಯ ಜಗಲಿಯಲ್ಲಿ ತಸ್ಬೀಹ್ ಹಿಡಿದು ಕುಳಿತ ಅಜ್ಜ ಎಷ್ಟು ಮಾತುಗಳನ್ನು ನುಂಗಿಕೊಂಡಿರಬಹುದು?

ಹಿರಿಯರು ಹಳೆಯದನ್ನು ಮತ್ತೆ ಮತ್ತೆ ಹೇಳುವುದನ್ನು ಒಂದು ಕಾಲಕ್ಕೆ ವೈದ್ಯರೂ ಮುಪ್ಪಿನ ಬುದ್ಧಿಮಾಂದ್ಯದ ಲಕ್ಷಣವೆಂದೇ ಬಗೆದಿದ್ದರು. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಇದನ್ನು ಪ್ರಶ್ನಿಸಿದರು. ಮರಣ ಸಮೀಪಿಸುತ್ತಿದೆಯೆಂದು ಅರಿತ ಮನಸ್ಸು ತನ್ನ ಬದುಕನ್ನು ತಾನೇ ಪರಿಶೀಲಿಸಿಕೊಳ್ಳುತ್ತದೆ, ಬಗೆಹರಿಯದ ನೋವುಗಳನ್ನು ಮತ್ತೆ ಎತ್ತಿಕೊಳ್ಳುತ್ತದೆ, ಇದು ಸಹಜ ಎಂದರು. ವಿಚಾರಣೆಯ ದಿನಕ್ಕೆ ಮೊದಲೇ ತನ್ನ ಲೆಕ್ಕವನ್ನು ತಾನು ನೋಡಿಕೊಳ್ಳಬೇಕೆಂದು ಕಲಿತ ನಮಗೆ ಇದು ಹೊಸತಲ್ಲ. ಆದರೆ ಆ ಪರಿಶೀಲನೆಗೆ ಕೇಳುವ ಕಿವಿಯೊಂದು ಬೇಕು. ಅದು ಸಿಗದಾಗ ನೆನಪುಗಳು ಕೊರಗಾಗಿ ಒಳಗೇ ಉಳಿಯುತ್ತವೆ.

ಹಾಗೆಂದು ಎಲ್ಲ ಮರೆವೂ ಸಹಜವಲ್ಲ. ತಿಳಿದಿದ್ದೆಲ್ಲವೂ ಮರೆತುಹೋಗುವ ಅತಿ ವಾರ್ಧಕ್ಯದ ಬಗ್ಗೆ ಕುರ್‌ಆನೇ ಹೇಳುತ್ತದೆ (16:70). ಪ್ರವಾದಿ(ಸ)ರು ಅಂಥ ಸ್ಥಿತಿಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಡಿಮೆನ್ಶಿಯಾ ಒಂದು ಕಾಯಿಲೆ. ಅದಕ್ಕೆ ಗದರಿಕೆ ಮದ್ದಲ್ಲ. ಇನ್ನು ಕೆಲವರದು ಖಿನ್ನತೆ, ಅದೂ ಮರೆವಿನ ವೇಷದಲ್ಲಿ ಬರುತ್ತದೆ. ಕೆಲವರಿಗೆ ಬರೇ ಕಿವಿ ಮಂದವಾಗಿರುತ್ತದೆ; ಕೇಳಿಸದೆ ತಪ್ಪು ಉತ್ತರ ಕೊಟ್ಟವರನ್ನು ನಾವು ಬುದ್ಧಿ ಕೆಟ್ಟವರೆಂದು ತೀರ್ಮಾನಿಸುತ್ತೇವೆ. ಖಿನ್ನತೆಗೆ ಚಿಕಿತ್ಸೆಯಿದೆ, ಮಂದ ಕಿವಿಗೆ ಶ್ರವಣ ಸಾಧನವಿದೆ. 'ವಯಸ್ಸಾಯಿತಲ್ಲ' ಎಂದು ಕೈಬಿಡುವ ಮೊದಲು ವೈದ್ಯರಿಗೆ ತೋರಿಸಬೇಕು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಒಂದೇ ಕಥೆಯನ್ನು ಹತ್ತನೆಯ ಸಲ ಕೇಳುವವಳು ಸಾಮಾನ್ಯವಾಗಿ ಮನೆಯ ಸೊಸೆ. ಗಲ್ಫಿನಲ್ಲಿರುವ ಮಗ ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ "ಮದ್ದು ತೆಗೊಂಡ್ರಾ ಉಪ್ಪಾ?" ಎಂದು ಕೇಳಿ ಮುಗಿಸುತ್ತಾನೆ. ಹೆತ್ತವರ ಸೇವೆ ಮೊದಲು ಮಕ್ಕಳ ಹೊಣೆ, ಅವರ ಮಾತು ಕೇಳುವುದೂ ಅದರಲ್ಲಿ ಸೇರಿದೆ. ಮುಂದಿನ ಕರೆಯಲ್ಲಿ ಅವನು ಮದ್ದಿನ ಪ್ರಶ್ನೆಯ ಜೊತೆಗೆ ಊರಲ್ಲಿ ಕಟ್ಟುತ್ತಿರುವ ಮನೆಯ ಬಾಗಿಲು ಎತ್ತ ಇಡೋಣವೆಂದೂ ಉಪ್ಪನನ್ನೇ ಕೇಳಲಿ.

ಅಂಗಿ ಬಂತು, ಯಾಕೂಬರಿಗೆ(ಅ) ದೃಷ್ಟಿ ಮರಳಿತು. ಅಲ್ಲಾಹನಲ್ಲಿ ನಮಗಾಗಿ ಕ್ಷಮೆ ಬೇಡಿರೆಂದು ಅದೇ ಮಕ್ಕಳು ಅದೇ ತಂದೆಯ ಮುಂದೆ ಬಂದು ನಿಂತರು (12:97). ಬೇಡುತ್ತೇನೆಂದು ಅವರು ಮಾತು ಕೊಟ್ಟರು.