ನನ್ನನ್ನು ತುಂಡು ಮಾಡಿದ್ದು ರೋಗವಲ್ಲ

ಥೈರಾಯ್ಡಿಗೆ ಒಬ್ಬ ಡಾಕ್ಟರು, ಗಂಟುಬೇನೆಗೆ ಒಬ್ಬರು, ತೊನ್ನಿಗೆ ಮತ್ತೊಬ್ಬರು. ಒಬ್ಬರ ಚೀಟಿ ಇನ್ನೊಬ್ಬರಿಗೆ ಬೇಡ. ಮುಂದೆ ಹಿಡಿದರೆ "ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲಮ್ಮ". ಒಬ್ಬರು ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಗೆ ಬರೆದರು. ಇನ್ನೊಬ್ಬರು ಮೂಳೆಗೆಂದು ಕ್ಯಾಲ್ಸಿಯಂ ಬರೆದರು, ಅದೂ ಬೆಳಿಗ್ಗೆಗೇ. ಎರಡೂ ಒಟ್ಟಿಗೆ ಹೊಟ್ಟೆಗೆ ಬಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ ನಾಲ್ಕು ಗಂಟೆ ಬಿಡಬೇಕು. ಇದೇನು ಬ್ರಹ್ಮವಿದ್ಯೆಯಲ್ಲ. ರಕ್ತಪರೀಕ್ಷೆಯಲ್ಲಿ ನನ್ನ ಟಿಎಸ್‌ಎಚ್ ಏರಿತು, ಅದರ ಹಿಂದೆಯೇ ಡೋಸೂ ಏರಿತು. ಕಾರಣ ಹುಡುಕಿ ಓದಿದ್ದು ನಾನು. ಹೇಳಿದ್ದಕ್ಕೆ ಸಿಕ್ಕ ಉತ್ತರ: "ಗೂಗಲ್ ನೋಡಿ ಬಂದಿದ್ದೀರಾ?" ಹೌದು ಸ್ವಾಮಿ, ನೋಡಿಯೇ ಬಂದಿದ್ದೇನೆ. ನೀವು ಪಕ್ಕದ ಚೀಟಿಯನ್ನೂ ನೋಡಲಿಲ್ಲವಲ್ಲ!

ಮಂಗಳೂರಿನ ಬಿಜೈಯಲ್ಲಿ ಮನೆ ಇರುವವಳಿಗೆ ಆಸ್ಪತ್ರೆಗೆ ಬರಗಾಲವಿಲ್ಲ. 1848ರ ವೆನ್ಲಾಕ್, 1880ರ ಫಾದರ್ ಮುಲ್ಲರ್, ಕೆಎಂಸಿ, ಆಮೇಲೆ ಹುಟ್ಟಿದವು ಬೇರೆ. ಇಲ್ಲಿನ ಕೆಎಸ್ಸಾರ್ಟಿಸಿ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ನಿಂತರೆ ಘಟ್ಟದ ಮೇಲಿಂದ ಬಂದವರು ಇಳಿಯುವುದು ಕಾಣುತ್ತದೆ. ಒಂದು ಕೈ ಕಂಬಿಯ ಮೇಲೆ, ಕಂಕುಳಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಎಕ್ಸ್‌ರೇ, ಮಡಚಿ ಮಡಚಿ ಹರಿದ ರಿಪೋರ್ಟು. ಇಷ್ಟು ದೂರದಿಂದ ಅವರು ಇಡೀ ಮೈಯನ್ನು ಹೊತ್ತು ತರುತ್ತಾರೆ. ಕೌಂಟರಿನಲ್ಲಿ ಕೇಳುವುದು, "ಯಾವ ಡಿಪಾರ್ಟ್‌ಮೆಂಟ್?"

ಈ ಗಂಟುಬೇನೆ, ಅಂದರೆ ರುಮಟಾಯ್ಡ್ ಸಂಧಿವಾತ ಇರುವವರ ಬೆಳಗು ಹೇಗಿರುತ್ತದೆ ಗೊತ್ತೇ? ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲು ಕತ್ತರಿಯ ಕಣ್ಣಿಗೆ ಬೆರಳು ಹೋಗುವುದಿಲ್ಲ. ನಲ್ಲಿಯನ್ನು ಮುಂಗೈಯಿಂದ ನೂಕಿ ತಿರುಗಿಸಬೇಕು. ಹನ್ನೊಂದು ಗಂಟೆಗೆ ಟೋಕನ್ ಬರುವಷ್ಟರಲ್ಲಿ ಬೆರಳು ಅಷ್ಟಿಷ್ಟು ಸಡಿಲವಾಗಿರುತ್ತದೆ. "ಚೆನ್ನಾಗೇ ಇದ್ದೀರಲ್ಲ, ಟೆನ್ಷನ್ ಕಡಿಮೆ ಮಾಡಿ" ಎಂದು ಕಳಿಸುತ್ತಾರೆ. ಮನೆಗೆ ಬಂದರೆ ಇನ್ನೊಂದು ಇಲಾಖೆ ಕಾದಿರುತ್ತದೆ. ತೊನ್ನು ಕಂಡದ್ದೇ ತಡ, "ನಾಗದೋಷ ಇರ್ಬೇಕು ಮಾರಾಯ್ತಿ, ಒಂದು ಆಶ್ಲೇಷಬಲಿ ಮಾಡಿಸು." ಚರ್ಮದ ಬಣ್ಣ ಹೋದರೆ ಅದು ಹೆಂಗಸಿನ ಕುಲದ ಪಾಪ! ಗಂಡಸಿನ ಬೊಕ್ಕತಲೆಗೆ ಯಾವ ಬಲಿಯನ್ನೂ ಯಾರೂ ಹೇಳಿದ್ದು ನಾನು ಕೇಳಿಲ್ಲ.

ದೋಷ ಎಲ್ಲಿದೆ ಎಂದು ವಿಜ್ಞಾನ ಯಾವತ್ತೋ ಹೇಳಿದೆ. 1956ರಲ್ಲೇ ಲಂಡನ್ನಿನಲ್ಲಿ ಡೆಬೋರಾ ಡೋನಿಯಾಕ್, ಐವನ್ ರಾಯಿಟ್ ಮತ್ತವರ ಸಂಗಡಿಗರು ಹಾಶಿಮೊಟೊ ಎಂಬ ಥೈರಾಯ್ಡ್ ರೋಗ ಇರುವವರ ರಕ್ತದಲ್ಲಿ ಅವರದೇ ಥೈರಾಯ್ಡಿನ ವಿರುದ್ಧ ಎದ್ದ ಪ್ರತಿಕಾಯಗಳನ್ನು ತೋರಿಸಿದರು. ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೈಮೇಲೆ ಬೀಳುತ್ತದೆ. ಕುತ್ತಿಗೆಯ ಗ್ರಂಥಿಯ ಮೇಲೆ ಬಿದ್ದರೆ ಥೈರಾಯ್ಡ್, ಗಂಟಿನ ಪೊರೆಯ ಮೇಲೆ ಬಿದ್ದರೆ ಸಂಧಿವಾತ, ಬಣ್ಣದ ಕೋಶದ ಮೇಲೆ ಬಿದ್ದರೆ ತೊನ್ನು. ಈ ದಾಳಿಯನ್ನು ತಡೆದು ನಿಲ್ಲಿಸುವ ಟಿ ಕೋಶಗಳನ್ನು ಗುರುತಿಸಿದ್ದಕ್ಕೆ 2025ರ ನೊಬೆಲ್ ಬಂತು: ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಗುಚಿ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಬ್ರಿಟನ್ನಿನ 2 ಕೋಟಿ 20 ಲಕ್ಷ ಜನರ ದಾಖಲೆ ಜಾಲಾಡಿದ ಅಧ್ಯಯನವೊಂದನ್ನು ಪ್ರಕಟಿಸಿತು. ಇಂಥ 19 ರೋಗಗಳಲ್ಲಿ ಒಂದಾದರೂ ಇರುವವರು ಹತ್ತರಲ್ಲಿ ಒಬ್ಬರು. ಹೆಂಗಸರಲ್ಲಿ ನೂರಕ್ಕೆ 13, ಗಂಡಸರಲ್ಲಿ 7. ಒಂದು ಬಂದವರಿಗೆ ಇನ್ನೊಂದೂ ಬರುವುದು ಅಪರೂಪವೇನಲ್ಲ ಎಂದೂ ಅದು ಹೇಳಿತು. ಅಂದರೆ ನನಗಿರುವುದು ಮೂರು ದುರದೃಷ್ಟಗಳಲ್ಲ. ಬೇರು ಒಂದೇ ಕಡೆ ಇದೆ.

ಚದುರಿದ ರೋಗಗಳನ್ನು ಜೋಡಿಸಿ ನೋಡುವುದು ಎಂದರೇನೆಂದು ತಿಳಿಯಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಕಾಸರಗೋಡಿನ ಪಡ್ರೆ ಸಾಕು. ವಾಣಿನಗರದ ಡಾ. ವೈ.ಎಸ್. ಮೋಹನಕುಮಾರ್ ಹಳ್ಳಿಯ ಡಾಕ್ಟರು. ಒಂದು ಮನೆಯಲ್ಲಿ ಕ್ಯಾನ್ಸರ್, ಇನ್ನೊಂದರಲ್ಲಿ ಬುದ್ಧಿಮಾಂದ್ಯ, ಮತ್ತೊಂದರಲ್ಲಿ ಅಂಗವೈಕಲ್ಯ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಹಣೆಬರಹವೇ. ಅವರು ಕೂಡಿಸಿ ನೋಡಿದರು, ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದ ಎಂಡೋಸಲ್ಫಾನಿನ ಮೇಲೆ ಗುಮಾನಿಪಟ್ಟರು. ಸಮಿತಿಯ ಮೇಲೆ ಸಮಿತಿ ಬಂತು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ 13ಕ್ಕೆ. ನನ್ನ ರೋಗಕ್ಕೂ ಆ ವಿಷಕ್ಕೂ ನಂಟು ಕಟ್ಟುತ್ತಿಲ್ಲ. ಕೂಡಿಸಿ ನೋಡುವ ಕಣ್ಣು ಹಳ್ಳಿಯ ಡಾಕ್ಟರಿಗಿದ್ದು, ಹತ್ತು ಮಾಳಿಗೆಯ ಆಸ್ಪತ್ರೆಗೆ ಯಾಕಿಲ್ಲ ಎಂದಷ್ಟೇ ಕೇಳುತ್ತಿದ್ದೇನೆ.

ಸರ್ಕಾರವೂ ನಮ್ಮನ್ನು ತುಂಡುತುಂಡಾಗಿಯೇ ಎಣಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ. ಇದೇ ನಿರೋಧಕ ವ್ಯವಸ್ಥೆ ನರದ ಮೇಲೆ ಬಿದ್ದು ಬರುವ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಅಲ್ಲಿ ಹೆಸರಿದೆ. ಸಂಧಿವಾತಕ್ಕಿಲ್ಲ, ಇಂಥದೇ ಲೂಪಸ್‌ಗಿಲ್ಲ. ಬೆರಳು ಸೊಟ್ಟಗಾಗಿ ವೈಕಲ್ಯ ನೂರಕ್ಕೆ 40 ಮುಟ್ಟಲಿ, ಆಮೇಲೆ ಮೀಸಲಾತಿಯ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ 5 ಲಕ್ಷ ರೂಪಾಯಿಯೂ ಮುಖ್ಯವಾಗಿ ವಾರ್ಡಿನಲ್ಲಿ ಮಲಗಿದವರಿಗೆ. ನಾವು ಮಲಗುವವರಲ್ಲ, ದಿನಾ ನುಂಗುವವರು. ಸಂಧಿವಾತಕ್ಕೆ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್, ಅದು ಲಿವರಿಗೆ ಏನು ಮಾಡಿದೆ ಎಂದು ನೋಡುವ ರಕ್ತಪರೀಕ್ಷೆ, ಎಲ್ಲಕ್ಕೂ ನಮ್ಮದೇ ಪರ್ಸು. ಹೆಂಗಸಿನ ಪರ್ಸಿನಲ್ಲಿ ಎಷ್ಟಿರುತ್ತದೆ, ಅದನ್ನು ತೆರೆಯಲು ಯಾರ ಅಪ್ಪಣೆ ಬೇಕು ಎಂಬುದು ನಿಮಗೇ ಗೊತ್ತಿದೆ.

ಆರೋಗ್ಯ ಇಲಾಖೆಯವರೇ, ಹೊಸ ಕಟ್ಟಡ ಬೇಡ. ವೆನ್ಲಾಕಿನಲ್ಲಿ ವಾರಕ್ಕೊಂದು ದಿನ ಗಂಟಿನವರು, ಗ್ರಂಥಿಯವರು, ಚರ್ಮದವರು ಒಂದೇ ಕೋಣೆಯಲ್ಲಿ ಕೂರಲಿ, ಒಂದೇ ಫೈಲು ನೋಡಲಿ. ದಿನನಿತ್ಯದ ಮಾತ್ರೆಯೂ ಯೋಜನೆಯೊಳಗೆ ಬರಲಿ. ಓದುತ್ತಿರುವ ತಂಗೀ, ನಿನಗೂ ಎರಡು ಮೂರು ಚೀಟಿಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ಡಾಕ್ಟರ ಮೇಜಿನ ಮೇಲೆ ಇಡು. ಪಕ್ಕಕ್ಕೆ ಸರಿಸಿದರೆ ಮತ್ತೆ ಇಡು. ಓದುವವರೆಗೆ ಕುರ್ಚಿಯಿಂದ ಏಳಬೇಡ.