ಏಳಕ್ಕೆ ಆರು
ಗಾಳಿಗೂ ಒಬ್ಬ ಯಜಮಾನ ಇರುತ್ತಾನೆ, ಅವನ ಕುರ್ಚಿ ಮಾತ್ರ ಗಾಳಿಗಿಂತ ಹಗುರ. ಲಾಸ್ ಏಂಜಲೀಸ್ ಸುತ್ತಲಿನ ನಾಲ್ಕು ಕೌಂಟಿಗಳ ಸುಮಾರು 1.7 ಕೋಟಿ ಜನರ ಉಸಿರು ಕಾಯುವ ‘ಸೌತ್ ಕೋಸ್ಟ್’ ವಾಯು ಗುಣಮಟ್ಟ ಜಿಲ್ಲೆಯ ಕಾರ್ಯನಿರ್ವಾಹಕ ಅಧಿಕಾರಿಯನ್ನು ಕೂರಿಸುವುದೂ ಎಬ್ಬಿಸುವುದೂ 13 ಮಂದಿಯ ಮಂಡಳಿ. ಅದರಲ್ಲಿ 10 ಮಂದಿ ಸ್ಥಳೀಯ ಪುಢಾರಿಗಳು: ಮೇಯರು, ಕೌನ್ಸಿಲರು, ಕೌಂಟಿ ಸೂಪರ್‌ವೈಸರು. 2015ರ ಡಿಸೆಂಬರಿನಲ್ಲಿ ಜಿಲ್ಲೆಯ ಸಿಬ್ಬಂದಿ, ರಿಫೈನರಿಗಳಂಥ ದೊಡ್ಡ ಸ್ಥಾವರಗಳು ಉಗುಳುವ ನೈಟ್ರೋಜನ್ ಆಕ್ಸೈಡ್ ದಿನಕ್ಕೆ 14 ಟನ್ ಇಳಿಯಲಿ ಎಂದರು. ಮಂಡಳಿ ತೈಲ ಕಂಪನಿಗಳಿಗೆ ಒಪ್ಪಿಗೆಯಾದ 12ಕ್ಕೆ ಕೈ ಎತ್ತಿತು. ಎರಡು ಟನ್ ಏನು ಮಹಾ ಎನ್ನುವಿರಾ? ದಿನಕ್ಕೆ ಸ್ವಾಮಿ, ವರ್ಷಕ್ಕಲ್ಲ. ಮೂರೇ ತಿಂಗಳು ಕಳೆದಿತ್ತು, 2016ರ ಮಾರ್ಚ್ 4ರಂದು, ಹತ್ತಿರ ಹತ್ತಿರ ಎರಡು ದಶಕ ಆ ಕುರ್ಚಿಯಲ್ಲಿದ್ದ ಬ್ಯಾರಿ ವಾಲರ್‌ಸ್ಟೈನ್ ಮನೆಗೆ ನಡೆದರು. ಮತ 7–6. ಮಂಡಳಿಯಲ್ಲಿ ರಿಪಬ್ಲಿಕನ್ನರ ಕೈ ಆಗಷ್ಟೇ ಮೇಲಾಗಿತ್ತು. ಉಳಿದದ್ದನ್ನು ನನ್ನ ಬಾಯಿಂದ ಹೇಳಿಸಬೇಡಿ. ತಮಾಷೆಯೆಂದರೆ, ಅಲ್ಲಿನ ಹೊಂಜಿನ ಬಹುಪಾಲು ಎಬ್ಬಿಸುವ ಲಾರಿ, ಹಡಗು, ವಿಮಾನಗಳ ಹೊಗೆಗೆ ಮೂಗುದಾರ ಹಾಕುವ ಅಧಿಕಾರ ಮುಖ್ಯವಾಗಿ ರಾಜ್ಯ, ಒಕ್ಕೂಟ ಸರ್ಕಾರಗಳದು. ಆಕಾಶ ಮಬ್ಬಾದಾಗ ಫೋನು ಬರುವುದು ಮಾತ್ರ ಡೈಮಂಡ್ ಬಾರ್ ಊರಿನಲ್ಲಿರುವ ಈ ವಾಯು ಜಿಲ್ಲೆಯ ಕಚೇರಿಗೆ.