ಉಸಿರಿನ ದಾರಿ ಕಾಯ್ದವರು

ಆಪರೇಷನ್ ಚೆನ್ನಾಗಾಯಿತು ಎಂದರೆ ಊರು ನೆನೆಯುವುದು ಸರ್ಜನ್ನರನ್ನು. ತಲೆಯ ಬಳಿ ನಿಂತು ಉಸಿರು ಕಾಯ್ದ ಅರಿವಳಿಕೆ ತಜ್ಞರ ಹೆಸರು ಎಷ್ಟೋ ಸಲ ರೋಗಿಗೂ ಗೊತ್ತಿರುವುದಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಈ ಕೆಲಸ ಮಾಡಿದ ಹಿರಿಯ ತಲೆಮಾರು ಈಗ ಒಬ್ಬೊಬ್ಬರಾಗಿ ನಿವೃತ್ತಿಯಾಗುತ್ತಿದೆ. ಅವರ ದುಡಿಮೆಯ ಲೆಕ್ಕ ಹಾಕಲು ಇದೇ ಹೊತ್ತು.

ಅವರು ಕಲಿತ ಕಾಲಕ್ಕೆ ಕೈಯಲ್ಲಿದ್ದದ್ದು ಗಂಟಲೊಳಗೆ ನೋಡುವ ಒಂದು ಲ್ಯಾರಿಂಗೋಸ್ಕೋಪ್, ನಾಡಿಯ ಮೇಲೆ ಬೆರಳು, ರಕ್ತದ ಬಣ್ಣ ನೋಡುವ ಕಣ್ಣು. ಆಂಧ್ರದಲ್ಲಿ ಹುಟ್ಟಿ ಬಾಸ್ಟನ್ನಿನಲ್ಲಿ ದುಡಿದ ಡಾ. ಶೇಷಗಿರಿ ಮಲ್ಲಂಪಾಟಿ 1985ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು: ಬಾಯಿ ತೆರೆಸಿ, ನಾಲಿಗೆ ಚಾಚಿಸಿ, ಕಿರುನಾಲಿಗೆ ಎಷ್ಟು ಕಾಣುತ್ತದೆಂದು ನೋಡಿ, ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು ಕಷ್ಟವೇ ಎಂದು ಮೊದಲೇ ಅಂದಾಜಿಸುವುದು. ಯಂತ್ರ ಬೇಡ, ದುಡ್ಡೂ ಬೇಡ.

ನಮ್ಮಲ್ಲಿ ಅದು ನಿತ್ಯ ಬೇಕಾಗುವ ಪರೀಕ್ಷೆ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರ ಕೆನ್ನೆಯ ಒಳಪದರ ಬಿಗಿದು, ಬಾಯಿಯೊಳಗೆ ಎರಡು ಬೆರಳೂ ಹೋಗದಂತಾಗುತ್ತದೆ. ಫ್ಲೋರೈಡ್ ನೀರು ಕುಡಿದು ಮೂಳೆ ಬಿಗಿದವರ ಕತ್ತು ಹಿಂದಕ್ಕೆ ಬಾಗುವುದಿಲ್ಲ. ಇಂಥವರಿಗೆ ಮೊದಲೇ ನಿದ್ದೆ ಬರಿಸಿದರೆ ಪ್ರಾಣಕ್ಕೆ ಸಂಚಕಾರ. ಎಚ್ಚರವಿದ್ದಂತೆಯೇ ಮೂಗು, ಗಂಟಲಿಗೆ ಲಿಗ್ನೊಕೇನ್ ಹಾಕಿ ಜೋಮು ಹಿಡಿಸಬೇಕು. "ಉಸಿರು ಎಳ್ಕೊಳಿ, ಹೆದರ್ಬೇಡಿ" ಎನ್ನುತ್ತಾ ಫೈಬರ್ ಆಪ್ಟಿಕ್ ಸ್ಕೋಪನ್ನು ಮೂಗಿನಿಂದ ಇಳಿಸಬೇಕು. ಧ್ವನಿಪೆಟ್ಟಿಗೆ ದಾಟಿ ಶ್ವಾಸನಾಳದ ಉಂಗುರಗಳು ಕಂಡ ಮೇಲೆಯೇ ಟ್ಯೂಬ್ ಜಾರಿಸುವುದು. ಕೈಚಳಕದಷ್ಟೇ ಮಾತಿನ ಸಮಾಧಾನವೂ ಬೇಕಾದ ವಿದ್ಯೆ ಇದು. ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಹಿರಿಯೂರಿನ ಹೆದ್ದಾರಿಯಲ್ಲಿ ಅಪಘಾತವಾಗಿ ಬಾಯಿತುಂಬ ರಕ್ತದೊಡನೆ ಬಂದವರು, ಕೀಟನಾಶಕ ಕುಡಿದು ಉಸಿರು ಸೋತ ರೈತರು, ಅವರದು ಬೇರೆಯೇ ಕಥೆ. ಅಲ್ಲಿ ಪರೀಕ್ಷೆಗೆ ಪುರಸೊತ್ತಿಲ್ಲ.

ಪಲ್ಸ್ ಆಕ್ಸಿಮೀಟರ್, ಲ್ಯಾರಿಂಜಿಯಲ್ ಮಾಸ್ಕ್, ವಿಡಿಯೊ ಲ್ಯಾರಿಂಗೋಸ್ಕೋಪ್ ಒಂದೊಂದಾಗಿ ಬಂದವು. ನನ್ನ ದೃಷ್ಟಿಯಲ್ಲಿ ಅವಕ್ಕಿಂತ ದೊಡ್ಡದು, ಟ್ಯೂಬ್ ಹಾಕುವುದು ಕಷ್ಟವಾದಾಗ ಏನು ಮಾಡಬೇಕೆಂದು ಹೇಳುವ 2016ರ ಅಖಿಲ ಭಾರತ ಮಾರ್ಗಸೂಚಿ. ಮೂಗಿನಿಂದ ಆಮ್ಲಜನಕ ಕೊಡುತ್ತಲೇ ಇರಿ, ಮೂರು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬೇಡಿ, ಸಹಾಯಕ್ಕೆ ಕೂಗಿ ಎನ್ನುತ್ತದೆ ಅದು. ಹಟವನ್ನೇ ಪೌರುಷವೆಂದುಕೊಂಡಿದ್ದ ವೃತ್ತಿಗೆ ಇದು ಬೇಕಿತ್ತು.

ಚಿತ್ರದುರ್ಗದಲ್ಲಿ ಈಗ ಬಸವೇಶ್ವರ ಮೆಡಿಕಲ್ ಕಾಲೇಜಿನ ಜೊತೆಗೆ ಸರ್ಕಾರಿ ಕಾಲೇಜೂ ಇದೆ. ಆದರೆ ಕಲಿಕೆ ದುರ್ಗದಲ್ಲೇ ನಿಂತರೆ ಸಾಲದು. ತಾಲ್ಲೂಕು ಆಸ್ಪತ್ರೆಗಳ ಹೆರಿಗೆಗೆಂದು ಎಂಬಿಬಿಎಸ್ ವೈದ್ಯರಿಗೆ ಕೆಲವೇ ತಿಂಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆ ನಮ್ಮಲ್ಲಿದೆ. ಬೆನ್ನಿನ ಇಂಜೆಕ್ಷನ್ ಕೈಕೊಟ್ಟ ರಾತ್ರಿ, ಗಂಟಲು ಊದಿದ, ಆಮ್ಲಜನಕ ಬೇಗ ಇಳಿಯುವ ಬಸುರಿಯ ಮುಂದೆ ಆ ಕೆಲವು ತಿಂಗಳು ಯಾವ ಮೂಲೆಗೆ? ಸರ್ಕಾರ ನಿವೃತ್ತ ತಜ್ಞರನ್ನು ಗೌರವಧನ ಕೊಟ್ಟು ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿಗೆ ಕಳಿಸಲಿ. ಬೊಂಬೆಯ ಮೇಲೆ ತಿಂಗಳಿಗೊಮ್ಮೆಯಾದರೂ ಅಭ್ಯಾಸ ನಡೆಯಲಿ. ಟ್ಯೂಬ್ ಹಾಕಲು ಕಷ್ಟವಾದ ಪ್ರತಿ ರೋಗಿಗೂ, ಏನು ತೊಡಕಾಯಿತು, ಯಾವುದರಿಂದ ದಾರಿ ಸಿಕ್ಕಿತು ಎಂದು ಕನ್ನಡದಲ್ಲೂ ಬರೆದ ಚೀಟಿಯನ್ನು ಮನೆಗೆ ಹೋಗುವಾಗ ಕೊಡಲಿ. ಮುಂದಿನ ಆಪರೇಷನ್ನಿನ ವೈದ್ಯರು ಮೊದಲು ಕೇಳುವುದು ಅದನ್ನೇ.